ಹಿತ್ತಲಿನಲ್ಲೊಂದು ಬಡಿಗತನದ ಮನೆ

ನಿವೃತ್ತಿಯ ನಂತರ ದಿನಗಳನ್ನು ಹೇಗೆ ಕಳೆಯಬೇಕೆಂಬ ಚಿಂತೆ ನಮ್ಮನ್ನೂ ಬಿಟ್ಟಿರಲಿಲ್ಲ. 34 ವರ್ಷ ಪಾಠ ಹೇಳಿದ ಕೈಗೆ ಸೀಮೆಸುಣ್ಣವಲ್ಲದೆ ಬೇರೆ ಉಪಕರಣದ ಪರಿಚಯವಿರಲಿಲ್ಲ. ಆ ಚಿಂತೆಗೆ ಉತ್ತರ ದೊರೆತದ್ದು 2019ರ ಆಗಸ್ಟಿನ ಅತಿವೃಷ್ಟಿಯಲ್ಲಿ. ಧಾರವಾಡದ ನಮ್ಮ ಮನೆಯ ಹಿತ್ತಲಿನಲ್ಲಿ ತೀರ್ಥರೂಪರು ನೆಟ್ಟು ಬೆಳೆಸಿದ್ದ ಹಲಸಿನ ಮರ ಒಂದು ರಾತ್ರಿ ಬೇರುಸಹಿತ ಉರುಳಿತು. ಅದನ್ನು ಸೌದೆಗೆ ಕೊಡಲು ನಮ್ಮ ಮನೆಯವರು ಒಪ್ಪಲಿಲ್ಲ. “ಮಾವನವರ ಮರ, ಮನೆಯಲ್ಲಿಯೇ ಉಳಿಯಲಿ” ಎಂದರು.

ಬೊಡ್ಡೆಯನ್ನು ಸಾಮಿಲ್ಲಿಗೆ ಒಯ್ದು ಒಂದು ಅಂಗುಲ ದಪ್ಪದ ಹಲಗೆಗಳನ್ನು ಕೊಯ್ಯಿಸಿದೆವು. ಅವುಗಳ ಹಳದಿ ಬಣ್ಣವನ್ನು ಕಂಡಾಗ, ವೀಣೆಗೆ ಈ ಮರವನ್ನು ಏಕೆ ಆರಿಸುತ್ತಾರೆಂಬುದು ಸ್ವಲ್ಪ ಅರ್ಥವಾದಂತಾಯಿತು. ಹಲಗೆಗಳು ಬಂದ ಮೇಲೆ ಕೆಲಸಕ್ಕೊಂದು ನೆಲೆ ಬೇಕಾಯಿತು. ಹಿತ್ತಲಿನ ಮೂಲೆಯಲ್ಲಿ 10 ಅಡಿ ಅಗಲ, 14 ಅಡಿ ಉದ್ದದ ಒಂದು ಕೊಠಡಿಯನ್ನು ಕಟ್ಟಿಸಿದೆವು. ಮಳೆನೀರು ಮತ್ತು ಗೆದ್ದಲುಗಳ ಭಯಕ್ಕಾಗಿ ಒಂದೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆ, ಮೇಲೆ ಹಂಚಿನ ಮಾಡು. ಬಿಸಿಲು ನೇರವಾಗಿ ಬೀಳದೆ ದಿನವಿಡೀ ಸಮನಾದ ಬೆಳಕು ದೊರೆಯಲೆಂದು ದೊಡ್ಡ ಕಿಟಕಿಯನ್ನು ಉತ್ತರಕ್ಕೆ ಇರಿಸಿದೆವು. ನಿಂತಾಗ ಮಣಿಕಟ್ಟು ಬರುವಷ್ಟು ಎತ್ತರಕ್ಕೆ ಕೆಲಸದ ಮೇಜನ್ನು ಮಾಡಿಸಿದೆವು. ಗರಗಸ, ಉಳಿ, ರಂದ, ಕೊಡತಿ, ಮೂಲೆಮಟ್ಟ ಇಷ್ಟೇ ನಮ್ಮ ಆರಂಭದ ಬಂಡವಾಳ.

ಕೊಠಡಿ ಸಿದ್ಧವಾದದ್ದು 2020ರ ಜನವರಿಯಲ್ಲಿ. ಅದೇ ತಿಂಗಳು ಹಿರಿಯ ಮಗಳು ಬಾಣಂತನಕ್ಕೆ ಬಂದಿದ್ದಳು. ನಾಲ್ಕು ತಲೆಮಾರಿನ ಮಕ್ಕಳನ್ನು ತೂಗಿದ ಮನೆತನದ ತೊಟ್ಟಿಲಿನ ತಳದ ಹಲಗೆ ಮುರಿದು ಅಟ್ಟದ ಮೇಲೆ ಬಿದ್ದಿತ್ತು. ನಮ್ಮ ಉತ್ಸಾಹಕ್ಕೆ ಮಿತಿಯೇ ಇರಲಿಲ್ಲ. ಹಲಸಿನ ಹಲಗೆಯೊಂದನ್ನು ರಂದ ಹೊಡೆದು, ಅಳತೆಗೆ ಕೊಯ್ದು, ಎರಡೂ ಅಂಚುಗಳಿಗೆ ಮೊಳೆ ಜಡಿದು ಬಿಗಿ ಮಾಡಿದೆವು. ನಾಮಕರಣಕ್ಕೆ ಬಂದ ಬಂಧುಗಳೆಲ್ಲರೂ ಮೆಚ್ಚಿದರು. ನಾವೂ ಹಿಗ್ಗಿದೆವು.

ಮಾರ್ಚಿನ ಬಿಸಿಲು ಏರಿತು. ಒಂದು ಮಧ್ಯಾಹ್ನ ಪಟಾರೆಂದು ಸದ್ದಾಯಿತು. ಓಡಿ ಬಂದು ನೋಡಿದರೆ ತೊಟ್ಟಿಲಿನ ತಳ ಉದ್ದಕ್ಕೂ ಸೀಳಿತ್ತು. ಮಗು ಆ ಗಳಿಗೆಯಲ್ಲಿ ತಾಯಿಯ ಮಡಿಲಿನಲ್ಲಿತ್ತು. ಮಗಳು ಒಂದು ಮಾತನ್ನೂ ಆಡಲಿಲ್ಲ. ಆ ಮೌನವೇ ನಮಗೆ ದೊಡ್ಡ ಶಿಕ್ಷೆಯಾಯಿತು. ತಿಂಗಳುಗಟ್ಟಲೆ ಕೊಠಡಿಯ ಬೀಗ ತೆಗೆಯಲಿಲ್ಲ.

ಲಾಕ್‌ಡೌನ್ ಸಡಿಲವಾದ ಮೇಲೆ ಓಣಿಯ ಹಿರಿಯ ಬಡಿಗೇರರನ್ನು ಕರೆತಂದು ತೋರಿಸಿದೆವು. ಅವರು ಸೀಳಿನ ಮೇಲೆ ಬೆರಳಾಡಿಸಿ, “ಕಟ್ಟಿಗಿ ತಪ್ಪಲ್ರಿ ಮಾಸ್ತರ. ಹಸಿ ಇದ್ದಾಗನ ಕಟ್ಟಿಹಾಕೀರಿ. ಅದು ಒಣಗಬೇಕಲ್ರೀ, ಎಲ್ಲಿಗೆ ಹೋಗಬೇಕು?” ಎಂದರು. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಕುಗ್ಗುವುದೆಲ್ಲ ಅಗಲಕ್ಕೆ. ಎರಡೂ ಅಂಚುಗಳನ್ನು ಮೊಳೆಗಳು ಹಿಡಿದಿದ್ದರಿಂದ ಹಲಗೆ ನಡುವೆ ಸೀಳದೆ ಗತ್ಯಂತರವಿರಲಿಲ್ಲ. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಒಣಗಿಸಬೇಕೆಂಬುದು ಬಡಿಗರ ಲೆಕ್ಕ. ನಾವು ಕೊಟ್ಟದ್ದು ಐದೇ ತಿಂಗಳು.

ಅವರು ಹೇಳಿದಂತೆ ಉಳಿದ ಹಲಗೆಗಳನ್ನು ನೆರಳಿನಲ್ಲಿ, ನೆಲದಿಂದ ಮೇಲೆ, ನಡುನಡುವೆ ರಿಪೀಸು ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಒಟ್ಟಿದೆವು. ತುದಿಗಳು ಬೇಗನೆ ಒಣಗಿ ಬಿರಿಯದಿರಲೆಂದು ಬಣ್ಣ ಬಳಿದೆವು. ಇನ್ನೊಂದು ಮಳೆಗಾಲ, ಮತ್ತೊಂದು ಬೇಸಿಗೆ ಕಾದೆವು. 2021ರಲ್ಲಿ ಬಡಿಗೇರರ ಪಕ್ಕದಲ್ಲಿ ಶಿಷ್ಯರಂತೆ ನಿಂತು ಹೊಸ ತಳ ಮಾಡಿದೆವು. ಈ ಸಲ ಅಂಚಿಗೆ ಮೊಳೆಯಿಲ್ಲ. ಚೌಕಟ್ಟಿನಲ್ಲಿ ಗಾಡಿ ತೋಡಿ, ಹಲಗೆ ಹಿಗ್ಗಲು ಕುಗ್ಗಲು ಕೊಂಚ ಎಡೆ ಬಿಟ್ಟು ಕೂಡಿಸಿದೆವು.

ಅಷ್ಟರಲ್ಲಿ ಮೊದಲ ಮೊಮ್ಮಗ ತೊಟ್ಟಿಲಿನ ವಯಸ್ಸನ್ನು ದಾಟಿ ಓಡಾಡುತ್ತಿದ್ದ. ಅವನಿಗೆ ಕೊಡಬೇಕಾದುದನ್ನು ನಮ್ಮ ಅವಸರ ಕಸಿದುಕೊಂಡಿತೆಂಬ ನೋವು ಇಂದಿಗೂ ಇದೆ. 2022ರಲ್ಲಿ ಹುಟ್ಟಿದ ಅವನ ತಂಗಿ ಅದೇ ತೊಟ್ಟಿಲಿನಲ್ಲಿ ಮಲಗಿದಳು, ತೂಗಿದವನು ಅವನೇ. ಹಳದಿ ಹಲಗೆ ಈಗ ಕಂದು ಬಣ್ಣಕ್ಕೆ ತಿರುಗುತ್ತಿದೆ.

ಹಿತ್ತಲಿನಲ್ಲಿ ಇಂಥದೊಂದು ಕೊಠಡಿಯನ್ನು ಕಟ್ಟಿಸಬೇಕೆನ್ನುವ ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಉಪಕರಣಗಳನ್ನು ಕೊಳ್ಳುವ ಮೊದಲು ಹಲಗೆಗಳನ್ನು ಒಟ್ಟಿಡಿರಿ, ಓಣಿಯ ಬಡಿಗೇರರನ್ನು ಮನೆಗೆ ಕರೆಯಿರಿ. ನಾವು ಈ ಎರಡನ್ನೂ ಕೊನೆಗೆ ಮಾಡಿದವರು.