ಎಡದಂಡೆಯ ಒಂಟಿ ಗೇರು

ತುಂಗಭದ್ರಾ ಅಣೆಕಟ್ಟೆಯ ಪಕ್ಕದ ನಮ್ಮ ಮುನಿರಾಬಾದಿನಲ್ಲಿ ಗೇರಿಲ್ಲದ ಸೈಕಲ್ಲಿಗೆ ಬೇರೆ ಹೆಸರಿರಲಿಲ್ಲ. ಸೈಕಲ್ ಅಂದರೆ ಅದೇ. ಅಟ್ಲಾಸ್ ಮೇಲೋ ಹೀರೋ ಮೇಲೋ ಹರ್ಕ್ಯುಲಸ್ ಮೇಲೋ ಎಂದು ಜಗಳವಾಡುತ್ತಿದ್ದೆವೇ ಹೊರತು ಹಲ್ಲುಚಕ್ರ ಎಷ್ಟಿವೆಯೆಂದು ಯಾರೂ ಎಣಿಸಿದ್ದಿಲ್ಲ. ಮುಂದೊಂದು, ಹಿಂದೊಂದು, ಎಣಿಸಲಿಕ್ಕೇನಿದೆ? ಮುಂದೆ ದಪ್ಪ ಟಯರಿನ, ನೆಟ್ಟನೆ ಹ್ಯಾಂಡಲ್ಲಿನ ‘ರೇಂಜರ್’ ಸೈಕಲ್ಲುಗಳು ಬಂದಾಗಲೂ ಅಷ್ಟೇ. ಹೊರಗೆ ಗುಡ್ಡ ಹತ್ತುವ ಗತ್ತು, ಒಳಗೆ ಹಾಲಿನವನ ಅಟ್ಲಾಸಿನದೇ ಕರುಳು. ಬೆಂಗಳೂರಿನಲ್ಲಿರುವ ನನ್ನ ಮಗ ಒಂದು ದಿನ ಫೋನಿನಲ್ಲಿ, “ಅಪ್ಪಾ, ಅದಕ್ಕ ಇಲ್ಲಿ ಸಿಂಗಲ್ ಸ್ಪೀಡ್ ಎಂಟಿಬಿ, ಅಂದ್ರ ಒಂದಽ ಗೇರಿನ ಗುಡ್ಡದ ಸೈಕಲ್, ಅಂತಾರ. ಬೇಕಂತ ಮಾಡಿಸ್ಕೊಂತಾರ, ರೊಕ್ಕಾನೂ ಭಾಳ” ಎಂದ. ನಾವು ಅರ್ಧ ಆಯುಷ್ಯ ಶ್ರೀಮಂತಿಕೆಯಲ್ಲೇ ಕಳೆದಿದ್ದೆವು. ಹೇಳುವವರಿರಲಿಲ್ಲ.

ಅದೇ ಮಗನ 21 ಗೇರಿನ ಸೈಕಲ್ಲು ನಮ್ಮ ಪಡಸಾಲೆಯಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ ಹೊಸಪೇಟೆಯಿಂದ ತಂದದ್ದು. 21ರಲ್ಲಿ ಅವನು ಬಳಸಿದ್ದು ಎರಡೋ ಮೂರೋ. ಉಳಿದವು ಗೆಳೆಯರಿಗೆ ತೋರಿಸಲಿಕ್ಕೆ. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಎಂಬ ಜೋತುಬಿದ್ದ ಕೈಯೊಂದು ಹಿಂದಿನ ಗಾಲಿಯ ಪಕ್ಕ ಇರುತ್ತದಲ್ಲ, ಅದು ಕಾಲುವೆ ರಸ್ತೆಯ ಕಲ್ಲಿಗೆ ಬಡಿದು ಸೊಟ್ಟಾಗಿ ಸ್ಪೋಕಿನೊಳಗೆ ನುಗ್ಗಿತು. ಆವತ್ತಿನಿಂದ ಆ ಸೈಕಲ್ಲಿನ ಹ್ಯಾಂಡಲ್ ಮೇಲೆ ನಮ್ಮ ಮನೆಯ ಟವೆಲುಗಳು ಒಣಗತೊಡಗಿದವು.

ನಾನು ಟವೆಲು ತೆಗೆದು ಅದನ್ನು ಹೊರಗೆ ನೂಕಿದಾಗ ಮನೆಯಾಕೆ ಕೇಳಿದಳು: “ಯಾರಿಗೆ ಕೊಡ್ತೀರಿ?”

“ಯಾರಿಗೂ ಇಲ್ಲ. ನಾನೇ ಹೊಡಿಯಾಂವ.”

ಆಕೆ ಏನೂ ಅನ್ನಲಿಲ್ಲ. ಒಳಗೆ ಹೋಗಿ ಮೊಣಕಾಲಿನ ಎಣ್ಣೆ ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ಎತ್ತಿ ನೋಡಿದ್ದು ಮಾತ್ರ ಕಿಟಕಿಯಿಂದ ಕಂಡಿತು.

ನೂಕಿಕೊಂಡು ಹೋದದ್ದು ಸೈಕಲ್ ಮಿಸ್ತ್ರಿ ಚಾಚಾನ ಅಂಗಡಿಗೆ. ಅಂಗಡಿಯೆಂದರೆ ಒಂದು ತಗಡು, ಒಂದು ಬೇವಿನ ಮರ, ನೀರು ತುಂಬಿದ ಒಂದು ಬುಟ್ಟಿ, ಗಾಳಿ ಹಾಕುವ ಒಂದು ಪಂಪು. ಡ್ಯಾಮ್ ಕಾಲೊನಿಯ ಎಂಜಿನಿಯರರ ಮಕ್ಕಳಿಗೂ ಗ್ಯಾಂಗ್‌ಮನ್ನರ ಮಕ್ಕಳಿಗೂ ಪಂಕ್ಚರ್ ಹಾಕಿದ ಕೈ ಅವನದು. “ಚಾಚಾ, ಇದರ ಗೇರ್ ಎಲ್ಲಾ ತಗದು ಒಂದಽ ಮಾಡ್ರಿ” ಎಂದೆ. ಅವನು ಕನ್ನಡಕ ಏರಿಸಿ ಸೈಕಲ್ ನೋಡಿದ, ಇಳಿಸಿ ನನ್ನನ್ನು ನೋಡಿದ. “ಮಂದಿ ಒಂದಿದ್ದದ್ದು ಇಪ್ಪತ್ತೊಂದು ಮಾಡ್ಸಾಕ ಬರ್ತಾರ ಸರ. ನಿಮ್ಮದು ಉಲ್ಟಾ ಹಿಸಾಬು.” ಹೀಗೆ ಅನ್ನುತ್ತಿದ್ದರೂ ಕೈ ಆಗಲೇ ಪಾನಾ ಹುಡುಕುತ್ತಿತ್ತು.

ಕೇಬಲ್ಲು, ಹ್ಯಾಂಡಲ್ ಮೇಲಿನ ಗುಂಡಿಗಳು, ಮುಂದಿನ ಹಿಂದಿನ ಎರಡೂ ಡಿರೇಲರ್ ಒಂದೊಂದಾಗಿ ಚೀಲಕ್ಕೆ ಬಿದ್ದವು. ಹಿಂದಿನ ಏಳು ಚಕ್ರಗಳ ಗೊಂಚಲನ್ನು ತಿರುವಿ ಬಿಚ್ಚಿದ ಚಾಚಾ, ಡಬ್ಬಿಯೊಳಗಿಂದ 18 ಹಲ್ಲಿನ ಸಾದಾ ಫ್ರೀವೀಲ್ ತೆಗೆದು ಅದೇ ಥ್ರೆಡ್ಡಿಗೆ ಹಚ್ಚಿ ತಿರುವಿದ. ಸೀದಾ ಕೂತಿತು! ಈ ಗೇರಿನ ಸೈಕಲ್ಲಿನ ಗಾಲಿಯ ನಡುವಿನ ಹಬ್ಬೂ ಅಟ್ಲಾಸಿನ ಹಬ್ಬೂ ಒಂದೇ ಅಳತೆಯ ಥ್ರೆಡ್ಡಿನವು ಎಂಬುದು ಅವನಿಗೆ ಹೊಸದಲ್ಲ. ನನಗೆ ಮಾತ್ರ ಕಳೆದುಹೋದ ನೆಂಟಸ್ತಿಕೆಯೊಂದು ಸಿಕ್ಕಂತಾಯಿತು. ಮುಂದೆ ಮೂರು ಚಕ್ರಗಳಿದ್ದವು. ದೊಡ್ಡದನ್ನೂ ಸಣ್ಣದನ್ನೂ ಕಳಚಿ 34 ಹಲ್ಲಿನ ನಡುವಿನದನ್ನು ಉಳಿಸಿದೆವು. 34ಕ್ಕೆ 18 ಅಂದರೆ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಗಾಲಿ ಹೆಚ್ಚುಕಡಿಮೆ ಎರಡು ಸುತ್ತು. ಗುಡ್ಡಕ್ಕೆ ಇದೇ ಹದ. ಹಳೆ ಸೈಕಲ್ಲುಗಳಲ್ಲಿ 44ಕ್ಕೆ 18 ಇರುತ್ತಿತ್ತು; ಅದು ಸಪಾಟು ರಸ್ತೆಯ, ಗಟ್ಟಿ ತೊಡೆಯ ಕಾಲದ ಲೆಕ್ಕ.

ಗೇರಿನ ತೆಳು ಚೈನು ಸಾದಾ ಫ್ರೀವೀಲಿನ ದಪ್ಪ ಹಲ್ಲಿನ ಮೇಲೆ ಕೂರುವುದಿಲ್ಲ. ಅದಕ್ಕೇ ದಪ್ಪ ಚೈನು ಹಾಕಬೇಕು. ಅದು ಮುಂದಿನ ತೆಳು ಹಲ್ಲಿನೊಂದಿಗೂ ಹೊಂದಿಕೊಳ್ಳುತ್ತದೆ. ಇನ್ನು ಚೈನಿನ ಬಿಗುವು. ಗೇರಿನ ಸೈಕಲ್ಲಿನಲ್ಲಿ ಆ ಕೆಲಸವನ್ನು ಡಿರೇಲರಿನ ಸ್ಪ್ರಿಂಗು ಮಾಡುತ್ತಿರುತ್ತದೆ. ಅದನ್ನು ತೆಗೆದ ಮೇಲೆ ಗಾಲಿಯನ್ನೇ ಹಿಂದಕ್ಕೆ ಎಳೆದು ನಟ್ಟು ಬಿಗಿಯಬೇಕು. ನಮ್ಮ ಪುಣ್ಯಕ್ಕೆ ಈ ಫ್ರೇಮಿನಲ್ಲಿ ಆಕ್ಸಲ್ ಕೂರುವ ಸೀಳು ಅಡ್ಡಕ್ಕೆ ಉದ್ದವಾಗಿತ್ತು. ಅದು ನೇರ ಕೆಳಮುಖವಾಗಿದ್ದರೆ ಬಿಗುವಿಗೆಂದೇ ಬೇರೊಂದು ಸ್ಪ್ರಿಂಗಿನ ಗಾಲಿ ಕಟ್ಟಬೇಕಾಗುತ್ತಿತ್ತು. ಹೋದ ಪೀಡೆ ಮತ್ತೊಂದು ರೂಪದಲ್ಲಿ ಬಂದಂತೆ. ಚಾಚಾ ಚೈನಿನ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ ಹೇಳಿದ: “ಅರ್ಧ ಇಂಚು ಆಡಬೇಕ್ರಿ. ಪೂರಾ ಬಿಗದ್ರ ಹರಿತೈತಿ, ಸಡ್ಲ ಬಿಟ್ರ ಬೀಳ್ತೈತಿ.”

ಚೈನು ಹರಿಯುವುದು ಎಂದರೇನೆಂದು ಮುನಿರಾಬಾದಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ, ಗೇಟೇ ಕೊಚ್ಚಿಹೋದದ್ದನ್ನು ನೋಡಿದವರು ನಾವು. 33 ಗೇಟುಗಳಲ್ಲಿ ಒಂದು. ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಉಕ್ಕಿನ ತಡೆ ಇಳಿಸಿ ನಿಲ್ಲಿಸುವವರೆಗೆ ಊರಿಗೆ ನಿದ್ದೆಯಿರಲಿಲ್ಲ. ಆ ವಾರ ಚಾಚಾನ ಅಂಗಡಿಗೆ ಬಂದವರೆಲ್ಲ ತಮ್ಮ ತಮ್ಮ ಸೈಕಲ್ ಚೈನಿಗೆ ಎಣ್ಣೆ ಹಾಕಿಸಿಕೊಂಡು ಹೋದರಂತೆ.

ಮಗ ಹೇಳಿದ ಇನ್ನೊಂದು ಸಂಗತಿ ಚಾಚಾನಿಗೆ ಬಹಳ ಹಿಡಿಸಿತು. ಗುಡ್ಡದ ಸೈಕಲ್ಲಿನ ಓಟ ಶುರುವಾದದ್ದೇ ಗುಜರಿ ಸೈಕಲ್ಲುಗಳಿಂದ. ಅಮೆರಿಕದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ಮೂವತ್ತು ನಲವತ್ತು ವರ್ಷ ಹಳೆಯ, ಗೇರಿಲ್ಲದ, ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುವ ಸೈಕಲ್ಲುಗಳನ್ನು ಗುಡ್ಡದ ಮಣ್ಣುಹಾದಿಯಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಅದನ್ನೇ ಪಂದ್ಯ ಮಾಡಿದರು. ಕೆಳಗೆ ಮುಟ್ಟುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸು ಕಾದು ಹೊಗೆಯಾಗಿರುತ್ತಿತ್ತು. ಪ್ರತಿ ಇಳಿತದ ನಂತರ ಬಿಚ್ಚಿ ಹೊಸ ಗ್ರೀಸು ತುಂಬಬೇಕು. “ಅಲ್ಲಿ ನಮ್ಮಂಥಾ ಮಿಸ್ತ್ರಿಗೆ ಚಲೋ ಧಂಧೆ ಇರಬೇಕು” ಎಂದ ಚಾಚಾ. ಶುರುವಿನಲ್ಲಿ ಅವರಿಗೂ ಗೇರಿರಲಿಲ್ಲ. ನಾವು ಹಿಂದುಳಿದಿದ್ದೆವು ಎಂದುಕೊಂಡಿದ್ದೆ. ನೋಡಿದರೆ ಶುರುವಿನ ಗೆರೆಯ ಮೇಲೆಯೇ ಇದ್ದೆವು.

ಆದರೆ ಒಂಟಿ ಗೇರಿಗೆ ನಮ್ಮೂರಿನಷ್ಟು ಹೊಂದುವ ಊರು ಅವರಿಗೂ ಸಿಕ್ಕಿರಲಾರದು. ಕಾರಣ ಎಡದಂಡೆ ಕಾಲುವೆ. ಅಣೆಕಟ್ಟೆಗೆ 1945ರಲ್ಲಿ ಅಡಿಗಲ್ಲು ಬಿದ್ದಾಗ ಈ ದಂಡೆ ನಿಜಾಮರದು, ಆ ದಂಡೆ ಮದ್ರಾಸಿನದು. ನಮ್ಮ ಕಡೆಯ ಕಾಲುವೆ ಮುನಿರಾಬಾದಿನಿಂದ ಹೊರಟು ರಾಯಚೂರು ಸೀಮೆಯವರೆಗೆ 227 ಕಿಲೋಮೀಟರ್ ಹರಿಯುತ್ತದೆ. ನೀರು ತನ್ನಷ್ಟಕ್ಕೇ ಹರಿಯಬೇಕಾದರೆ ಕಾಲುವೆ ಎಲ್ಲೂ ಏರುವಂತಿಲ್ಲ. ಗುಡ್ಡ ಎದುರಾದರೆ ಸುತ್ತಿಕೊಂಡು, ಕಂಡೂ ಕಾಣದ ಇಳಿಜಾರಿನಲ್ಲಿ ಸಾಗುತ್ತದೆ. ಪಕ್ಕದ ಮೊರಮ್ ರಸ್ತೆಯೂ ಅದರ ಜೊತೆಗೇ. ಬಂಡೆಗಳ ರಾಶಿಯ ನಡುವೆ, ಕಿಷ್ಕಿಂಧೆಯ ಸೀಮೆಯಲ್ಲಿ, ಏರಿಲ್ಲದ ರಸ್ತೆ! ಗೇರು ಹಾಕುವ ಕೆಲಸವನ್ನು ಸೈಕಲ್ಲಿನ ಬದಲು ಆ ಕಾಲದ ಎಂಜಿನಿಯರರೇ ನೆಲದ ಮೇಲೆ ಮಾಡಿಟ್ಟಿದ್ದಾರೆ.

ಇದನ್ನು ಮೊದಲು ಕಂಡುಕೊಂಡವರು ಕಾಲುವೆಯ ಗ್ಯಾಂಗ್‌ಮನ್ನರು. ನಡುಗೊಳವೆಗೆ ಸಲಿಕೆ ಕಟ್ಟಿ, ಕ್ಯಾರಿಯರಿಗೆ ಬುತ್ತಿ ಸಿಕ್ಕಿಸಿ, ರಾತ್ರಿಯಾದರೆ ಬ್ಯಾಟರಿ ಹಿಡಿದು, ಎಲ್ಲಿ ದಂಡೆ ಸೋರುತ್ತಿದೆ ಎಂದು ನೋಡುತ್ತ ಹೋಗುತ್ತಿದ್ದರು. ಬ್ರೇಕು ಇದ್ದರೆ ಇತ್ತು, ಇಲ್ಲದಿದ್ದರೆ ಚಪ್ಪಲಿ. ನಾವು ಹುಡುಗರು ಅವರ ಸೈಕಲ್ಲನ್ನೇ ಕದ್ದು, ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯಲು ಕಲಿತೆವು. ಈಗ ಅವರ ಜಾಗಕ್ಕೆ ಬಂದವರು ಮೋಟಾರ್ ಸೈಕಲ್ಲಿನ ಮೇಲೆ ಬರುತ್ತಾರೆ. ಅದು ಸರಿಯೇ, ಬೇರೆಯವರ ಬೆವರನ್ನು ಚೆಂದವೆಂದು ಹೊಗಳುವುದು ಸುಲಭ. ಆದರೂ ಕಾಲೊನಿಯ ಪಾಳು ಕ್ವಾರ್ಟರ್ಸುಗಳ ಮುಂದೆ ಹಾದುಹೋಗುವಾಗ ಗೋಡೆಗೆ ಒರಗಿದ ಹ್ಯಾಂಡಲ್ಲಿನ ಕರೆ ಎಲ್ಲಾದರೂ ಉಳಿದಿದೆಯೇ ಎಂದು ಕಣ್ಣು ಹುಡುಕುತ್ತದೆ.

ಏರೇ ಇಲ್ಲವೆಂದರೆ ಸುಳ್ಳು. ಗಂಗಾವತಿ ಕಡೆಗೆ ಪಾಪಯ್ಯ ಟನಲ್ ಹತ್ತಿರ ಕಾಲುವೆ ನಮಗೆ ಕೈಕೊಟ್ಟು ಗುಡ್ಡದ ಹೊಟ್ಟೆಯೊಳಗೆ ನುಸುಳಿಬಿಡುತ್ತದೆ. ಅದಕ್ಕೆ ಸುರಂಗ, ನಮಗೆ ಗುಡ್ಡ. ಗೇರಿದ್ದವರು ಅಲ್ಲಿ ಸಣ್ಣ ಚಕ್ರಕ್ಕೆ ಇಳಿಯುತ್ತಾರೆ; ನಾನು ಸೈಕಲ್ಲಿನಿಂದಲೇ ಇಳಿಯುತ್ತೇನೆ. ಇಳಿದು ನೂಕುವವನನ್ನು ಕಂಡರೆ ಭತ್ತದ ಗದ್ದೆಯವರು ಸುಮ್ಮನೆ ಬಿಡುವುದಿಲ್ಲ. “ಯಾಕ್ರಿ ಯಜಮಾನ್ರ, ಪಂಕ್ಚರ್ ಆತೇನು?” ಎಂದು ಕೇಳುತ್ತಾರೆ. ಇಲ್ಲ, ವಯಸ್ಸಾತು ಎಂದರೆ ನಗುತ್ತಾರೆ, ನೀರು ಕೊಡುತ್ತಾರೆ, ಮಗ ಏನು ಮಾಡುತ್ತಾನೆ ಎಂದು ವಿಚಾರಿಸುತ್ತಾರೆ. ಹತ್ತಿಕೊಂಡು ಹೋದವರಿಗೆ ಈ ಮಾತುಕತೆ ಇಲ್ಲ.

ಚಾಚಾನ ಅಂಗಡಿಗೆ ಈಗ ಸೈಕಲ್ಲಿಗಿಂತ ಬೈಕಿನ ಪಂಕ್ಚರೇ ಹೆಚ್ಚು. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರಕಾರ ಸೈಕಲ್ ಕೊಡುತ್ತಿದ್ದಾಗ ವರ್ಷವರ್ಷವೂ ಅವನಿಗೆ ಸುಗ್ಗಿ. ಕೋವಿಡ್ಡಿನ ನಂತರ ಅದೂ ನಿಂತಿತು. ಅಟ್ಲಾಸಿನವರು ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಆವತ್ತೇ ವಿಶ್ವ ಸೈಕಲ್ ದಿನ. ದಿನ ನೋಡಿ ಮುಹೂರ್ತ ಇಟ್ಟವರು ಯಾರೋ!

ನಿಮ್ಮ ಪಡಸಾಲೆಯಲ್ಲೂ ಟವೆಲು ಒಣಗಿಸುವ ಗೇರಿನ ಸೈಕಲ್ಲೊಂದಿದ್ದರೆ, ಚಾಚಾನಂಥವರು ಇನ್ನೂ ಅಂಗಡಿ ತೆರೆಯುತ್ತಿರುವಾಗಲೇ ಒಯ್ದು ಒಂಟಿ ಗೇರು ಮಾಡಿಸಿ. ಮಳೆಗಾಲದಲ್ಲಿ, ಕಾಲುವೆಗೆ ನೀರು ಬಿಟ್ಟ ಮೇಲೆ ನಮ್ಮೂರಿಗೆ ತನ್ನಿ. ಗಂಗಾವತಿ ಕಡೆಗೆ ಹೋಗುವಾಗ ನೀರೂ ಗಾಳಿಯೂ ನಿಮ್ಮ ಬೆನ್ನಿಗಿರುತ್ತವೆ. ಬರುವಾಗ ಎರಡೂ ಎದುರು. ಬಸ್ಸಿನ ಟಾಪಿನ ಮೇಲೆ ಸೈಕಲ್ ಹಾಕಲು ಕಂಡಕ್ಟರು ಒಪ್ಪಿದರೆ ನಾಚಿಕೊಳ್ಳಬೇಡಿ. ಹಿಂದಿನ ನಟ್ಟಿಗೆ 15ರ ಪಾನಾ ಒಂದನ್ನು ಮಾತ್ರ ಮರೆಯದೆ ಕಿಸೆಯಲ್ಲಿಟ್ಟುಕೊಳ್ಳಿ.