ಖಾನಾಪುರದ ಹೊಸ್ತಿಲು

ನಾನು ಬೆಳಗಾವಿಗೆ ಬಂದು ಆರು ವರುಷಗಳಾದವು. ಮೈಸೂರು ಸೀಮೆಯಲ್ಲಿ ಹುಟ್ಟಿ, ಅಲ್ಲಿಯೇ ಕನ್ನಡ ಎಂ.ಎ. ಮುಗಿಸಿ ಬಂದವನಿಗೆ ಇಲ್ಲಿನ ಕಾಲೇಜಿನಲ್ಲಿ ಕನ್ನಡ ಕಲಿಸುವುದು ಎಷ್ಟರ ಕೆಲಸವೆಂಬ ಧೈರ್ಯ ಮೊದಮೊದಲು ಇತ್ತು. ಆ ಧೈರ್ಯ ಕುಗ್ಗಿದ ಬಗೆಯನ್ನು ಹೇಳಬೇಕಾದರೆ ಓದುಗರನ್ನು ಖಾನಾಪುರದವರೆಗೆ ಕರೆದೊಯ್ಯಬೇಕು. ದಾರಿ ದೂರದ್ದಲ್ಲ, ಸುಮಾರು 26 ಕಿಲೋಮೀಟರು.

ಖಾನಾಪುರದಿಂದ ನಿತ್ಯವೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಯೊಬ್ಬನಿದ್ದ. ಮನೆಮಾತು ಮರಾಠಿ, ಶಾಲೆಯ ಓದೂ ಮರಾಠಿಯಲ್ಲಿಯೇ. ಆ ತಾಲ್ಲೂಕಿನಲ್ಲಿ ಅಂಥವರು ಬಹಳ. ಅವನ ಪ್ರಬಂಧವನ್ನು ಮೊದಲ ಸಲ ಓದಿದಾಗ ಬೆರಗಾದೆ. 'ಕೃತಜ್ಞತೆ', 'ಸ್ವಾವಲಂಬನ', 'ನಿಸರ್ಗಸೌಂದರ್ಯ' ಮೊದಲಾಗಿ, ನಮ್ಮ ಕಡೆಯ ಹುಡುಗರು ಬರೆಯಲು ತಡವರಿಸುವ ಪದಗಳನ್ನು ಇವನು ಒಂದು ಒತ್ತಕ್ಷರವೂ ತಪ್ಪದೆ ಬರೆದಿದ್ದ. ಆದರೆ ನಡುವೆ ಒಂದು ವಾಕ್ಯ: 'ಪರೀಕ್ಷೆಯ ಫಲಿತಾಂಶ ಕೇಳಿ ನನ್ನ ತಂದೆಗೆ ಬಹಳ ರಾಗ ಬಂದಿತು.'

"ಯಾವ ರಾಗವಪ್ಪಾ? ಭೈರವಿಯೋ, ಕಲ್ಯಾಣಿಯೋ?" ಎಂದು ತುಂಬಿದ ತರಗತಿಯಲ್ಲಿ ಕೇಳಿಬಿಟ್ಟೆ. ಅರ್ಧ ತರಗತಿ ಗೊಳ್ಳೆಂದಿತು. ಉಳಿದರ್ಧ ನಗಲಿಲ್ಲವೆಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ. ಹುಡುಗ ತಲೆ ತಗ್ಗಿಸಿದ. ಆಮೇಲೆ ಅವನು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ವಾರ ಕಳೆದ ಮೇಲೆ ಬರುವುದನ್ನೇ ಬಿಟ್ಟ.

ಮರಾಠಿಯಲ್ಲಿ 'ರಾಗ' ಎಂದರೆ ಕೋಪವೆಂದು ನನಗೆ ತಿಳಿಸಿದವರು ಇಂಗ್ಲಿಷ್ ಅಧ್ಯಾಪಕರಾದ ಸಹೋದ್ಯೋಗಿಯೊಬ್ಬರು. ಸ್ಪ್ಯಾನಿಷ್ ಭಾಷೆಯವರು ಇಂಗ್ಲಿಷ್ ಕಲಿಯುವಾಗಲೂ ಹೀಗೆಯೇ ಆಗುತ್ತದೆಂದು ಅವರು ವಿವರಿಸಿದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್, ಲ್ಯಾಟಿನ್ ಮೂಲದ ಸಾವಿರಾರು ಪದಗಳು ಇಂಗ್ಲಿಷಿಗೆ ಬಂದು ಸೇರಿದವು. ಸ್ಪ್ಯಾನಿಷ್ ಲ್ಯಾಟಿನ್ನಿನ ಮಗಳು. ಆದ್ದರಿಂದ ನಮ್ಮ ಮಕ್ಕಳು ಉರು ಹೊಡೆದು ಮರೆಯುವ 'ಫೆಲಿಸಿಟಿ', 'ಎಡಿಫಿಸ್' ಮೊದಲಾದ ಘನವಾದ ಪದಗಳು ಆ ಜನಕ್ಕೆ ಮನೆಯ ಮಾತೇ ಆಗಿವೆ. ಸುಖಕ್ಕೆ ಅವರು 'ಫೆಲಿಸಿದಾದ್' ಎನ್ನುತ್ತಾರೆ, ಕಟ್ಟಡಕ್ಕೆ 'ಎದಿಫಿಸಿಯೊ'. ಅವರು ಎಡವುವುದು ಹೊಸ್ತಿಲು, ಒಲೆ, ಪೊರಕೆಗಳಂಥ ಸಣ್ಣ ಪದಗಳಲ್ಲಿ. ಅದರ ಮೇಲೆ ನೆಂಟರ ವೇಷದಲ್ಲಿ ಬಂದು ಮೋಸಮಾಡುವ ಪದಗಳು ಬೇರೆ. ಅವರ 'ಎಕ್ಸಿತೊ' ಹೊರಹೋಗುವ 'ಎಕ್ಸಿಟ್' ಅಲ್ಲ, ಯಶಸ್ಸು! 'ಎಂಬರಸಾದಾ' ಎಂದರೆ ಮುಜುಗರಪಟ್ಟವಳಲ್ಲ, ಗರ್ಭಿಣಿ!

ಲ್ಯಾಟಿನ್ನಿನ ಸ್ಥಾನದಲ್ಲಿ ಸಂಸ್ಕೃತವನ್ನಿಟ್ಟರೆ ಇದು ನಮ್ಮ ಹುಡುಗನ ಕಥೆಯೇ. ಸಂಸ್ಕೃತದ ಹೆದ್ದಾರಿಯಲ್ಲಿ ಅವನು ನನಗಿಂತ ಮುಂದೆ ನಡೆಯಬಲ್ಲ. ಅಚ್ಚಗನ್ನಡದ ಓಣಿಯಲ್ಲಿ ದಾರಿ ತಪ್ಪುತ್ತಾನೆ. ದಾರಿ ತೋರಿಸಬೇಕಾದವನು ನಾನು ನಕ್ಕಿದ್ದೆ.

ಆ ಭಾನುವಾರವೇ ಬಸ್ಸು ಹತ್ತಿದೆ. ತಿಲಕವಾಡಿ, ಪೀರನವಾಡಿ, ಮಚ್ಛೆಗಳನ್ನು ದಾಟಿದರೆ ಬತ್ತದ ಗದ್ದೆಗಳು. ಮುಂದೆ ಹೋದಂತೆ ಮರಗಳು ದಟ್ಟವಾಗುತ್ತವೆ, ಗಾಳಿಗೆ ಮಲೆನಾಡಿನ ತಂಪು ಬರುತ್ತದೆ. ಖಾನಾಪುರವಿರುವುದು ಮಲಪ್ರಭೆಯ ದಡದಲ್ಲಿ. ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಈ ಹೊಳೆ ಮೊದಲು ಮರಾಠಿ ಕೇಳುತ್ತ ಹರಿದು, ಮುಂದೆ ಕನ್ನಡದ ಬಯಲನ್ನು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದಕ್ಕೆ ಯಾರೂ ವ್ಯಾಕರಣ ಕೇಳುವುದಿಲ್ಲ.

ರಸ್ತೆಯ ಬದಿಯಲ್ಲಿಯೇ ಅವನ ಮನೆ. ನನ್ನನ್ನು ಕಂಡು ಹುಡುಗ ಗಾಬರಿಯಾದ. ಪಡಸಾಲೆಯಲ್ಲಿ ಅಜ್ಜಿ ಅಡಕೆ ಕತ್ತರಿಸುತ್ತ ಕುಳಿತಿದ್ದರು. ಕಿರಿಯ ತಮ್ಮ ಕಿಟಕಿಯ ಕಟ್ಟೆಯ ಮೇಲೆ ಹತ್ತಿ ನಿಂತಿದ್ದ. ಮಾತು ಹೇಗೆ ಆರಂಭಿಸಬೇಕೆಂದು ನಾನು ಚಡಪಡಿಸುತ್ತಿರುವಾಗ ಹೊರಗೆ ಹಾರ್ನ್ ಕೇಳಿಸಿತು. ಅದೇ ಕ್ಷಣಕ್ಕೆ ಅಜ್ಜಿ ಗಟ್ಟಿಯಾಗಿ, "ಏ, ಖಾಲಿ ಬಸ್!" ಎಂದರು.

ಭಾನುವಾರದ ನೂಕುನುಗ್ಗಲಿನಲ್ಲಿ ಬಸ್ಸು ಖಾಲಿ ಸಿಗುವುದೆಂದರೆ ಪುಣ್ಯವಲ್ಲವೇ? ಆದರೆ ಬಂದ ಕೆಲಸವೇ ಆಗಿಲ್ಲ. ಏನು ಮಾಡಲೆಂದು ತೋಚದೆ ಎದ್ದು ನಿಂತು, ಬಾಗಿಲ ಕಡೆಗೆ ಎರಡು ಹೆಜ್ಜೆ ಹಾಕಿದೆ. ಹುಡುಗ ನನ್ನನ್ನೇ ನೋಡಿದ. ಅರ್ಥವಾದೊಡನೆ ತಡೆಯಲಾರದೆ ನಕ್ಕ. "ಸರ್, ಅಜ್ಜಿ ತಮ್ಮನಿಗೆ ಹೇಳಿದ್ದು. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ, ಬಸ್ ಎಂದರೆ ಕುಳಿತುಕೊ."

ನನ್ನ ಮುಖ ಕೆಂಪೇರಿರಬೇಕು. ಅಜ್ಜಿ ಮೊಮ್ಮಗನನ್ನು ಗದರಿಸಿ, ಮೆಲ್ಲನೆ ಕೇಳಿದರು: "ಸರಾಂನಾ ರಾಗ ಆಲಾ ಕಾ?"

ಆ ಪ್ರಶ್ನೆಗೆ ಯಾರ ಅನುವಾದವೂ ಬೇಕಾಗಲಿಲ್ಲ. "ಇಲ್ಲ ಅಜ್ಜಿ, ರಾಗ ಬರಬೇಕಾದದ್ದು ಅವನಿಗೆ" ಎಂದೆ. ಹುಡುಗ ಅದನ್ನು ಅಜ್ಜಿಗೆ ಮರಾಠಿಯಲ್ಲಿ ಹೇಳಲು ಹೊರಟವನು ಅರ್ಧಕ್ಕೇ ನಿಂತ. ಕಣ್ಣು ತುಂಬಿ ಬಂದಿದ್ದವು. ನಾನು ಆಡಬೇಕೆಂದು ಬಂದಿದ್ದ ಮಾತು ಅಲ್ಲಿಗೆ ಮುಗಿಯಿತು.

ಊಟಕ್ಕೆ ಎಬ್ಬಿಸಿದರು. ಅನ್ನದ ಮೇಲೆ ಅಜ್ಜಿ ಬಡಿಸಿದ್ದು 'ತೂಪ್'. ಅವರ ಕೈಯಲ್ಲಿದ್ದುದು 'ಅಡಕಿತ್ತಾ'. ಒಂದು ನಮ್ಮ ತುಪ್ಪ, ಇನ್ನೊಂದು ನಮ್ಮ ಅಡಕೊತ್ತು. ಎರಡೂ ಕನ್ನಡದಿಂದ ಮರಾಠಿಗೆ ಹೋದುವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇದನ್ನು ತಿಳಿಸಿದಾಗ ಹುಡುಗ ಅಜ್ಜಿಯ ಕೈಯನ್ನು ಹೊಸದಾಗಿ ಕಂಡವನಂತೆ ನೋಡಿದ. ಅಚ್ಚಗನ್ನಡವೆಂದು ತಾನು ಹೆದರಿದ್ದು ತನ್ನ ಅಡುಗೆಮನೆಯಲ್ಲಿಯೇ ಇತ್ತು! ಇನ್ನು ಅವನೂ ಬೆಳಗಾವಿಯ ಕನ್ನಡಿಗರೂ ಸಮನಾಗಿ ಆಡುವ 'ಪಗಾರ', 'ಚಾವಿ', 'ಬಟಾಟೆ'ಗಳು ಪೋರ್ಚುಗೀಸರವು. ನೆರೆಯ ಗೋವೆಯ ಕಡೆಯಿಂದ ಬಂದವು. ಆ ಪೋರ್ಚುಗೀಸ್ ಸ್ಪ್ಯಾನಿಷಿನ ಒಡಹುಟ್ಟು.

ಸಂಜೆಯವರೆಗೆ ಒಂದು ನೋಟುಪುಸ್ತಕದಲ್ಲಿ ಇಬ್ಬರೂ ಪಟ್ಟಿ ಮಾಡಿದೆವು. 'ಕಾದಂಬರಿ' ಎರಡೂ ಕಡೆ ಒಂದೇ. 'ಅನುಮಾನ' ನಮ್ಮಲ್ಲಿ ಸಂಶಯ, ಅವರಲ್ಲಿ ಊಹೆ. 'ಪ್ರಪಂಚ' ನಮಗೆ ಇಡೀ ಜಗತ್ತು, ಅವರಿಗೆ ಸಂಸಾರದ ತಾಪತ್ರಯ. ಹೊಸ್ತಿಲಿಗೆ ಅವನು 'ಉಂಬರಾ' ಎಂದ. ಸ್ಪ್ಯಾನಿಷಿನಲ್ಲಿ ಅದು 'ಉಂಬ್ರಾಲ್' ಎಂದು ನಮ್ಮ ಸಹೋದ್ಯೋಗಿ ಆಮೇಲೆ ಹೇಳಿದರು. ಅದು ಕೇವಲ ಆಕಸ್ಮಿಕ, ಆದರೂ ಹುಡುಗನಿಗೆ ಹಿಗ್ಗು. ಹೊರಡುವ ಮುನ್ನ, ಜ್ಞಾನಪೀಠ ಪಡೆದ ಬೇಂದ್ರೆಯವರ ಮನೆಮಾತೂ ಮರಾಠಿಯೆಂಬುದನ್ನು ಅವನಿಗೆ ನೆನಪಿಸಿದೆ.

ದೊಡ್ಡ ಪದಗಳನ್ನು ನಿಘಂಟಿನಿಂದ ಕಲಿಯಬಹುದು. ಸಣ್ಣ ಪದಗಳಿಗೆ ಯಾರದಾದರೂ ಮನೆಯ ಹೊಸ್ತಿಲನ್ನು ದಾಟಿ, ಅವರ ಪಡಸಾಲೆಯಲ್ಲಿ ಕುಳಿತು ನಗೆಗೀಡಾಗಬೇಕು. ಕಲಿಯುವವನಿಗೆ ಮಾತ್ರವಲ್ಲ, ಕಲಿಸುವವನಿಗೂ ಇದೇ ವಿಧಿ.

ಸೋಮವಾರ ಹುಡುಗ ತರಗತಿಗೆ ಬಂದ. ಪಾಠಕ್ಕೆ ಮೊದಲು 'ಖಾಲಿ ಬಸ್' ಪ್ರಸಂಗವನ್ನು ಎಲ್ಲರಿಗೂ ಹೇಳಿದೆ. ಅಂದು ನಗದಿದ್ದ ಆ ಅರ್ಧ ತರಗತಿ ಈ ಸಲ ಮೊದಲು ನಕ್ಕಿತು.