ಒಂದು ರಾತ್ರಿಯಷ್ಟು ಉದ್ದದ ಹಾಡು

ಮಾಘಮಾಸದಲ್ಲಿ ಕಿತ್ತೂರಿನಿಂದ ಬೈಲಹೊಂಗಲಕ್ಕೆ ಹೋಗುವ ದಾರಿ ಹಾಡಿಲ್ಲದೆ ಸಾಗುವುದಿಲ್ಲ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಯ ದಿಕ್ಕಿಗೆ ಸಾಲುಗಟ್ಟಿ ಹೊರಟಿರುತ್ತವೆ. ಡ್ರೈವರಿನ ಬೆನ್ನ ಹಿಂದೆ ಆಳೆತ್ತರದ ಸ್ಪೀಕರು, ಅದರೊಳಗಿಂದ ಎದೆಗೆ ಗುದ್ದುವಂಥ ಡೋಲಿನ ಪೆಟ್ಟು, ಪೆಟ್ಟಿನ ಮೇಲೆ ತೇಲುವ ಏರುದನಿಯ ಜಾನಪದ ಹಾಡು. ಒಂದು ಟ್ರ್ಯಾಕ್ಟರಿನ ಹಾಡು ಹಿಂದೆ ಸರಿಯುವಷ್ಟರಲ್ಲಿ ಮುಂದಿನದರ ಹಾಡು ಕಿವಿಗೆ ಬಿದ್ದಿರುತ್ತದೆ. ಎರಡೂ ಬದಿಗೆ ಎರಿಮಣ್ಣಿನ ಹೊಲ, ಕೊಯ್ಲಿಗೆ ಬಂದ ಬಿಳಿಜೋಳ.

ನಾನು ಮಂಗಳೂರು ಕಡೆಯವನು. ನಮ್ಮ ಗೆಳೆಯರ ಬಳಗದಲ್ಲಿ ಡಿಸೆಂಬರ್ ಬಂತೆಂದರೆ ಆ ವರ್ಷ ಮನಸ್ಸಿಗೆ ಹತ್ತಿದ ಆಲ್ಬಮ್‌ಗಳ ಪಟ್ಟಿ ಮಾಡಿ ಒಬ್ಬರಿಗೊಬ್ಬರು ಓದಿ ಹೇಳುವ ರೂಢಿ ಇದೆ. ಗಜಲ್, ಜಾಜ್, ಸಿನಿಮಾ ಹಾಡು, ಯಾರದೋ ಕಛೇರಿಯ ಧ್ವನಿಮುದ್ರಿಕೆ, ಎಲ್ಲವೂ ಅದರಲ್ಲಿ ಬರುತ್ತವೆ. ಕಳೆದ ವರ್ಷ ನನ್ನ ಪಟ್ಟಿಯ ತಲೆಗೆ ಬಂದು ಕೂತದ್ದು ಮಾತ್ರ ಯಾವ ಕಂಪನಿಯೂ ಹೊರತಂದದ್ದಲ್ಲ. ಅದನ್ನು ಕೇಳಿದ್ದು ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯಲ್ಲಿ, ನೆಲದ ಮೇಲೆ ಕೂತು, ಬೆಳಗಿನ ತನಕ.

ಕಿತ್ತೂರಿನಲ್ಲಿ ಕೋಟೆ ನೋಡಿದೆ. ಒಡೆದ ಅರಮನೆಯ ದಪ್ಪ ಗೋಡೆಗಳ ನಡುವೆ ಶಾಲೆಯ ಮಕ್ಕಳು ಓಡಾಡುತ್ತಿದ್ದರು. 1824ರ ಅಕ್ಟೋಬರ್ 23ರಂದು ಇದೇ ಕೋಟೆಯ ಮುಂದೆ ರಾಣಿ ಚೆನ್ನಮ್ಮನ ಪಡೆಯೊಡನೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತು ಬಿದ್ದ. ಕೆಲವೇ ವಾರಗಳಲ್ಲಿ ಕಂಪನಿ ಸರಕಾರ ದೊಡ್ಡ ಸೈನ್ಯದೊಂದಿಗೆ ಮರಳಿ ಬಂದು ಕೋಟೆ ಹಿಡಿಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು. ಅವಳ ಸಮಾಧಿ ಇಂದಿಗೂ ಆ ಪೇಟೆಯ ನಡುವೆ ಇದೆ. ನಮ್ಮಂಥ ದೂರದವರಿಗೆ ಚೆನ್ನಮ್ಮನ ಪರಿಚಯವಾದದ್ದು ಬಿ.ಆರ್. ಪಂತುಲು ಅವರ 1961ರ ಸಿನಿಮಾದಿಂದ, ಅದರಲ್ಲಿ ಪಿ. ಸುಶೀಲ ಹಾಡಿದ ಅಕ್ಕಮಹಾದೇವಿಯ ವಚನದಿಂದ. ಆ ಹಾಡು ಈಗಲೂ ನನಗೆ ಪ್ರಿಯ. ಆದರೆ ಈ ಮಣ್ಣಿನವರು ತಮ್ಮ ರಾಣಿಯನ್ನೂ ಅವಳ ಬಂಟನನ್ನೂ ಸಿನಿಮಾ ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಹಾಡಿಗೆ ಕಟ್ಟಿದ್ದರು.

ಬಂಟನೆಂದರೆ ಸಂಗೊಳ್ಳಿ ರಾಯಣ್ಣ. ಸಂಗೊಳ್ಳಿ ಬೈಲಹೊಂಗಲ ತಾಲ್ಲೂಕಿನ ಊರು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಅವನನ್ನು ಮರಳಿ ನಡೆಸಿಕೊಂಡು ಬಂದು ಊರೂರು ತಿರುಗಿಸಿದರು. 1880ರ ದಶಕದಲ್ಲಿ ಶಾಸನತಜ್ಞ ಜೆ.ಎಫ್. ಫ್ಲೀಟ್ ಈ ಸೀಮೆಯ ಕೆಲವು ಲಾವಣಿಗಳನ್ನು ಆರಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ. ಹಲಗಲಿಯ ಬೇಡರ ದಂಗೆ, ರಾಯಣ್ಣನ ದಂಗೆ, ಸಂಗ್ಯಾನ ಕೊಲೆ ಅವುಗಳಲ್ಲಿ ಸೇರಿದ್ದವು. ಸರಕಾರಿ ಕೆಲಸದ ನಡುವೆ, ತನ್ನ ಸರಕಾರದ ವಿರುದ್ಧವೇ ಕಟ್ಟಿದ ಹಾಡುಗಳನ್ನೂ ಆ ಇಂಗ್ಲಿಷ್ ಅಧಿಕಾರಿ ಬರೆದುಕೊಂಡ. ಉತ್ತರ ಕರ್ನಾಟಕದ ಮೆಚ್ಚಿನ ಹಾಡುಗಳ ಮೊದಲ ಆಯ್ಕೆಪಟ್ಟಿ ಇದೇ ಇರಬೇಕು ಅನ್ನಿಸುತ್ತದೆ ನನಗೆ. ಕಾಗದಕ್ಕೆ ಮಾತು ದಕ್ಕಿತು, ಕೊರಳು ದಕ್ಕಲಿಲ್ಲ.

ಬೈಲಹೊಂಗಲದ ನಿಜವಾದ ದೊಡ್ಡ ಹಾಡು ರಾಣಿಯದಲ್ಲ, ರಾಯಣ್ಣನದೂ ಅಲ್ಲ. ಅದು ‘ಸಂಗ್ಯಾ ಬಾಳ್ಯಾ’. ಇದೇ ಪೇಟೆಯಲ್ಲಿ ನಡೆಯಿತೆಂದು ಜನ ನಂಬುವ ಒಂದು ಕೊಲೆಯ ಕತೆ. ಹಣವಂತ ತರುಣ ಸಂಗ್ಯಾ, ಅವನ ಜೀವದ ಗೆಳೆಯ ಬಾಳ್ಯಾ, ವ್ಯಾಪಾರಿಯ ಹೆಂಡತಿ ಗಂಗಾ. ಗಂಡ ವ್ಯಾಪಾರಕ್ಕೆ ಪರ ಊರಿಗೆ ಹೋದಾಗ ಹುಟ್ಟಿದ ಪ್ರೇಮ. ಕೊನೆಗೆ ಗೆಳೆಯನೇ ಗೆಳೆಯನನ್ನು ಕೊಲೆಗಾರರ ಕೈಗೆ ಒಪ್ಪಿಸುವ ದ್ರೋಹ. ಇದನ್ನು ಸಣ್ಣಾಟವಾಗಿ, ಅಂದರೆ ಹಾಡಿ ಆಡುವ ಬಯಲಾಟವಾಗಿ, ಕಟ್ಟಿದವರು ಬೈಲವಾಡದ ಪತ್ತಾರ ಮಾಸ್ತರರು. ಘೋಡಗೇರಿಯ ಚಂದ್ರಶೇಖರ ಕಂಬಾರರು ಸಂಪಾದಿಸಿ ಅಚ್ಚು ಹಾಕಿಸಿದ ಮೇಲೆ ನಾಡಿನ ಬೇರೆ ಕಡೆಯವರಿಗೂ ಇದು ಸಿಕ್ಕಿತು.

ನಾನು ನೋಡಿದ ಆಟ ಒಂದು ಹಳ್ಳಿಯ ಗುಡಿಯ ಮುಂದೆ ಇತ್ತು. ಊಟ ಮುಗಿಸಿ ಬಂದ ಹೆಂಗಸರು ಗೋಣಿತಟ್ಟು, ಕೌದಿ ಹಾಸಿ ಮಕ್ಕಳನ್ನು ಮಲಗಿಸಿಕೊಂಡು ಕೂತರು. ಹಾರ್ಮೋನಿಯಂ, ತಬಲಾ, ತಾಳ. ಹಿಮ್ಮೇಳದವರು ಒಂದು ಕೈ ಕಿವಿಗಿಟ್ಟು ದನಿ ಎತ್ತಿದರೆ ಆ ದನಿ ಕೆಳಗೆ ಇಳಿಯಲು ಒಪ್ಪುವುದಿಲ್ಲ. ಯಕ್ಷಗಾನದ ಭಾಗವತಿಕೆ ಕೇಳಿ ಬೆಳೆದ ಕಿವಿ ನನ್ನದು. ನಮ್ಮಲ್ಲಿ ಭಾಗವತರು ಕತೆಯನ್ನು ನಡೆಸುತ್ತಾರೆ, ವೇಷಧಾರಿ ಕುಣಿಯುತ್ತಾನೆ, ಅರ್ಥ ಹೇಳುತ್ತಾನೆ. ಇಲ್ಲಿ ಸಂಗ್ಯಾ ತಾನೇ ಹಾಡುತ್ತಾನೆ, ಮೇಳ ಅವನ ಕೊನೆಯ ಮಾತನ್ನು ಕಿತ್ತುಕೊಂಡು ಮುಗಿಲಿಗೆ ಒಯ್ಯುತ್ತದೆ, ಅಷ್ಟರಲ್ಲಿ ಅವನು ಮುಂದಿನ ನುಡಿಗೆ ಉಸಿರು ಕಟ್ಟಿಕೊಂಡಿರುತ್ತಾನೆ. ಗಂಗಾಳ ಪಾತ್ರವನ್ನು ಮಾಡಿದವನು ಹಗಲಲ್ಲಿ ಹೊಲದಲ್ಲಿ ಕಬ್ಬು ಕಡಿಯುವ ಹುಡುಗ. ಅವನು ಗಂಡನಿಗೂ ಸಂಗ್ಯಾನಿಗೂ ನಡುವೆ ನಿಂತು ಹಾಡಿದಾಗ ನನ್ನ ಪಕ್ಕದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಗಾ ಮಾಡಿದ್ದು ತಪ್ಪು ಎಂದು ಅಲ್ಲಿ ಯಾರೂ ಅನ್ನಲಿಲ್ಲ. ಬೈಗುಳ ಬಿದ್ದದ್ದೆಲ್ಲ ಬಾಳ್ಯಾನ ಮೇಲೆ.

ನಡುರಾತ್ರಿ ನಾನು ಮೊಬೈಲು ಎತ್ತಿ ಹಿಡಿದಾಗ ಮೇಳದ ಹಿರಿಯರೊಬ್ಬರು ಚಹಾ ಕುಡಿಯುತ್ತ ಹೇಳಿದರು: “ಅಣ್ಣಾರ, ಅದರಾಗ ಒಂದ್ ನುಡಿ ಹಿಡೀತೈತ್ರಿ, ಆಟ ಹಿಡ್ಯಾಂಗಿಲ್ಲ. ಬೆಳಗಾತನಾ ಕುಂದರ್ರಿ.” ಕೂತೆ. ಸಂಗ್ಯಾ ಸಾಯುವ ಹೊತ್ತಿಗೆ ಮೂಡಲು ಬಿಳಿದಾಗುತ್ತಿತ್ತು. ಅಷ್ಟು ಹೊತ್ತು ಅವನ ಜೊತೆ ಎಚ್ಚರವಿದ್ದ ಕಾರಣಕ್ಕೇ ಆ ಸಾವು ಅಷ್ಟು ಭಾರವಾಗಿತ್ತು. ಮೂರು ನಿಮಿಷದ ತುಣುಕಿನಲ್ಲಿ ಅವನು ಸತ್ತರೆ ಯಾರು ಅಳುತ್ತಾರೆ?

ಮೂರು ನಿಮಿಷ ಎಂದದ್ದು ಸುಮ್ಮನೆ ಅಲ್ಲ. ಗ್ರಾಮಫೋನಿನ ಹಳೆಯ ಅರಗಿನ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಅಷ್ಟೇ. ಆ ತಟ್ಟೆಗೆ ಈ ಸೀಮೆ ಕೊಟ್ಟ ಕೊರಳುಗಳನ್ನು ನೆನೆದರೆ ಬೆರಗಾಗುತ್ತದೆ. ಗಂಗೂಬಾಯಿ ಹಾನಗಲ್ 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಾಗತಗೀತೆ ಹಾಡಿದ ಹುಡುಗಿ. ಮುಂದೆ ‘ಗಾಂಧಾರಿ ಹುಬ್ಳಿ’ ಎಂಬ ಹೆಸರಿನಲ್ಲಿ ಅವರ ತಟ್ಟೆಗಳು ಮಾರಾಟವಾದವು. ಗದಗಿನ ಭೀಮಸೇನ ಜೋಶಿ ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆಯನ್ನು ಕೇಳಿ, ಹಾಗೆ ಹಾಡಲು ಕಲಿಯಬೇಕೆಂದು ಮನೆ ಬಿಟ್ಟು ಓಡಿದರು. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಕೋಮಕಾಳಿಮಠ ಎಂಬ ಬಾಲಕ ದೊಡ್ಡ ಗವಾಯಿಗಳ ತಟ್ಟೆಗಳನ್ನು ಕೇಳಿ ಕೇಳಿ, ಇದ್ದದ್ದು ಇದ್ದಂತೆ ಹಾಡಿ ತೋರಿಸುತ್ತಿದ್ದ. ಲೋಕ ಅವನನ್ನು ಕುಮಾರ ಗಂಧರ್ವ ಎಂದು ಕರೆಯಿತು. ತಟ್ಟೆ ಚಿಕ್ಕದಾದರೂ ಒಂದು ಜೀವವನ್ನು ತಿರುಗಿಸುವಷ್ಟು ಬಲ ಅದಕ್ಕಿತ್ತು. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಗವಾಯಿಯ ರಾಗವನ್ನು ಮೂರು ನಿಮಿಷಕ್ಕೆ ಹಿಂಡಿದರೂ ರಾಗದ ಮುಖ ಉಳಿಯುತ್ತದೆ. ಸಣ್ಣಾಟವನ್ನು ಹಾಗೆ ಹಿಂಡಲು ಬರುವುದಿಲ್ಲ. ಕತೆಯೇ ಅದರ ಆಲಾಪ.

ಸವದತ್ತಿಗೆ ಹೋದದ್ದು ಭಾರತ ಹುಣ್ಣಿಮೆಗೆ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟೆಯ ಹಿನ್ನೀರು ಒಂದು ಕಡೆ ಹೊಳೆಯುತ್ತದೆ, ಇನ್ನೊಂದು ಕಡೆ ಏಳುಕೊಳ್ಳದ ಯಲ್ಲಮ್ಮನ ಗುಡ್ಡ. ಚಕ್ಕಡಿ, ಟ್ರ್ಯಾಕ್ಟರು, ಟೆಂಪೊ, ಬಸ್ಸು. ಮಹಾರಾಷ್ಟ್ರದಿಂದಲೂ ಬಂದ ಜನಸಾಗರ. ಭಂಡಾರದ ಹಳದಿ ಹುಡಿ ಹಾರಿ ಹಾರಿ ಗುಡ್ಡದ ಗಾಳಿಯೇ ಹಳದಿ. “ಉಧೋ ಉಧೋ” ಎಂಬ ಕೂಗು ಒಂದು ತುದಿಯಲ್ಲಿ ಎದ್ದು ಇನ್ನೊಂದು ತುದಿಗೆ ಮುಟ್ಟುತ್ತದೆ.

ಆ ಗದ್ದಲದ ನಡುವೆ ಒಂದು ಬೇವಿನ ಮರದ ಬುಡದಲ್ಲಿ ಜೋಗತಿಯರ ಗುಂಪು ಕೂತಿತ್ತು. ಕಂಕುಳಲ್ಲಿ ಚೌಡಿಕೆ. ಮರದ ಪೊಳ್ಳು ಒಡಲು, ತಳಕ್ಕೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಎದ್ದ ಒಂದೇ ತಂತಿ ಮೇಲಿನ ಕೋಲಿಗೆ ಕಟ್ಟಿದ್ದು. ತಂತಿಯನ್ನು ಬಿಗಿ ಮಾಡಿ, ಸಡಿಲ ಮಾಡಿ ಮೀಟುತ್ತಿದ್ದರೆ ಅದು ಗುಂಯ್‌ಗುಡುತ್ತ ಮಾತಿಗೆ ಮಾತು ಕೊಡುತ್ತದೆ. ಒಂದೇ ತಂತಿಯಲ್ಲಿ ಲಯವೂ ಇದೆ, ಶ್ರುತಿಯೂ ಇದೆ, ಹೆಂಗಸಿನ ದನಿಗೆ ಎದುರಾಡುವ ಇನ್ನೊಂದು ದನಿಯೂ ಇದೆ. ಹಾಡಿದ್ದು ಯಲ್ಲಮ್ಮನೇ ಆದ ರೇಣುಕೆಯ ಕತೆ: ಮರಳಿನ ಕೊಡ, ಹಾವಿನ ಸಿಂಬೆ, ನೀರಿಗೆ ಹೋದವಳ ಮನಸ್ಸು ಒಂದು ಗಳಿಗೆ ಕದಲಿದ್ದು, ಜಮದಗ್ನಿಯ ಸಿಟ್ಟು, ತಾಯಿಯ ಮೇಲೆ ಎತ್ತಿದ ಮಗನ ಕೊಡಲಿ. ಹಾಡುತ್ತಿದ್ದವಳಿಗೆ ಅರವತ್ತು ದಾಟಿರಬೇಕು. ಚಿಕ್ಕಂದಿನಲ್ಲೇ ಮುತ್ತು ಕಟ್ಟಿ ದೇವಿಗೆ ಬಿಟ್ಟಿದ್ದರಂತೆ. 1982ರ ದೇವದಾಸಿ ನಿಷೇಧ ಕಾಯಿದೆ ಅವಳ ಪಾಲಿಗೆ ತಡವಾಗಿ ಬಂತು. “ಹಾಡು ಬಿಡ್ಲಿಲ್ರಿ, ಮಗಳಿಗೆ ಮುತ್ತು ಕಟ್ಟೂದು ಬಿಟ್ವಿ. ಅಕಿ ಈಗ ಟೀಚರ್ ಅದಾಳ್ರಿ,” ಎಂದಳು. ಆ ಹಾಡನ್ನು ಚೆಂದವೆಂದು ಮೆಚ್ಚುವಾಗ ಆ ಹಾಡಿನ ಬೆಲೆ ತೆತ್ತವರು ಯಾರೆಂಬುದನ್ನು ನಾವು ಮರೆಯಬಾರದು. 2021ರಲ್ಲಿ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಸಂದಾಗ ದೇಶ ಈ ಕಲೆಯ ಕಡೆ ತಿರುಗಿ ನೋಡಿತು. ಗುಡ್ಡದ ಮರಗಳ ಕೆಳಗೆ ಹಾಡುವವರಲ್ಲಿ ಬಹಳ ಜನರ ಹೆಸರು ಯಾವ ಧ್ವನಿಮುದ್ರಿಕೆಯ ಮೇಲೂ ಇಲ್ಲ. ಆ ಮುದುಕಿಯ ಹಣೆಯ ಭಂಡಾರ, ಅವಳ ದನಿ ನನ್ನ ಪಟ್ಟಿಯಲ್ಲಿ ‘ಸಂಗ್ಯಾ ಬಾಳ್ಯಾ’ದ ನಂತರ ಎರಡನೆಯದು. ಮೊದಲನೆಯದಾಗಿಸಲು ಮನಸ್ಸು ಎಷ್ಟು ಎಳೆಯಿತೆಂದರೆ, ಬರೆದು ಹೊಡೆದು ಮತ್ತೆ ಬರೆದೆ.

ಸವದತ್ತಿಯಿಂದ ಈಶಾನ್ಯಕ್ಕೆ ರಾಮದುರ್ಗ. ನೆಲ ಒಣಗುತ್ತ ಹೋಗುತ್ತದೆ, ಬಂಡೆ ಹೆಚ್ಚುತ್ತದೆ. ರಾಮದುರ್ಗ ತಾಲ್ಲೂಕಿನ ಹುಲಕುಂದ ಗೀಗೀ ಪದಕ್ಕೆ ಹೆಸರಾದ ಊರು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಅಲ್ಲಿನ ಕವಿಗಳು ಗಾಂಧಿ, ಖಾದಿ, ಸ್ವರಾಜ್ಯವನ್ನೆಲ್ಲ ಡಪ್ಪಿನ ತಾಳಕ್ಕೆ ಹಚ್ಚಿ ಪತ್ರಿಕೆ ಮುಟ್ಟದ ಹಳ್ಳಿಗಳಿಗೂ ಮುಟ್ಟಿಸಿದರು. ನಾನು ಕೇಳಿದ್ದು ಗೀಗೀ ಮೇಳಗಳ ಹರದೇಶಿ–ನಾಗೇಶಿಯ ವಾದ. ಹರದೇಶಿ ಮೇಳ ಗಂಡು ಹೆಚ್ಚು ಎನ್ನುತ್ತದೆ, ನಾಗೇಶಿ ಮೇಳ ಹೆಣ್ಣು ಹೆಚ್ಚು ಎನ್ನುತ್ತದೆ. ಶಿವನಿಲ್ಲದೆ ಶಕ್ತಿ ಎಲ್ಲಿ ಎಂದು ಇವರು ಕೇಳಿದರೆ, ಹೆರುವವಳಿಲ್ಲದೆ ನೀನೆಲ್ಲಿಂದ ಬಂದೆ ಎಂದು ಅವರು. ಪುರಾಣದಿಂದ ಸವಾಲು ಎಸೆಯುತ್ತಾರೆ, ಎದುರಿನವರು ನಿಂತ ನಿಲುವಿನಲ್ಲೇ ಪದ ಕಟ್ಟಿ ಉತ್ತರ ಕೊಡಬೇಕು. ನಾಗೇಶಿಯ ಮುಂದಾಳು ಹೆಂಗಸು ಎಡಗೈಯಲ್ಲಿ ಡಪ್ಪು ಎತ್ತಿ ಹಿಡಿದು ಒಂದು ಸವಾಲಿಗೆ ಕೊಟ್ಟ ಉತ್ತರಕ್ಕೆ ಕೂತ ಗಂಡಸರೇ ಶಿಳ್ಳೆ ಹೊಡೆದು, ನೋಟು ತೆಗೆದು ಅವಳ ಡಪ್ಪಿಗೆ ಮುಟ್ಟಿಸಿದರು. ಆ ರಾತ್ರಿಯ ಪದ ಇನ್ನೊಮ್ಮೆ ಹುಟ್ಟುವುದಿಲ್ಲ. ನಾಳೆಯ ಸವಾಲು ಬೇರೆ, ಉತ್ತರ ಬೇರೆ.

ಈ ಸೀಮೆಯ ಹಾಡನ್ನು ಹೊರಗೆ ಒಯ್ಯಲು ದುಡಿದವರು ಇಲ್ಲವೆಂದಲ್ಲ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಹಳ್ಳಿಯ ಎಷ್ಟೋ ಮೇಳಗಳನ್ನು ಸ್ಟುಡಿಯೋಕ್ಕೆ ಕರೆಸಿತು. 2022ರ ಜನವರಿಯಲ್ಲಿ ನಮ್ಮನ್ನಗಲಿದ ಬಸವಲಿಂಗಯ್ಯ ಹಿರೇಮಠರು ಧಾರವಾಡದಲ್ಲಿ ಜಾನಪದ ಸಂಶೋಧನ ಕೇಂದ್ರ ಕಟ್ಟಿ, ಸಣ್ಣಾಟವನ್ನು, ‘ಶ್ರೀಕೃಷ್ಣ ಪಾರಿಜಾತ’ದ ಆಟವನ್ನು ಹೊಸ ಹುಡುಗರಿಗೆ ಕಲಿಸಿ, ತಾವೂ ಹಾಡಿ ಉಳಿಸಿದರು. ಈ ಹಾಡುಗಳಿಗೆ ಸಿಕ್ಕ ಹೊತ್ತು ಮಾತ್ರ ಅಳೆದು ಕೊಟ್ಟದ್ದು: ರೇಡಿಯೋದಲ್ಲಿ ಕಾರ್ಯಕ್ರಮದ ಅವಧಿ, ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ ಅರ್ಧ ತಾಸು. ಈಗ ಆ ಅಳತೆಗಳು ಹೋದವು. ಉಗುರಿನಷ್ಟಿರುವ ಕಾರ್ಡಿನಲ್ಲಿ ವಾರಗಟ್ಟಲೆ ಹಾಡು ತುಂಬಿಡಬಹುದು. ಹಾಗಿದ್ದೂ ನಮ್ಮ ಕೈಗೆ ಬರುವ ತುಣುಕು ತಟ್ಟೆಯ ಕಾಲಕ್ಕಿಂತ ಚಿಕ್ಕದಾಗಿದೆ. ಅರ್ಧ ನಿಮಿಷ ಕುಣಿತ, ಮುಂದೆ ಇನ್ಯಾವುದೋ. ಟ್ರ್ಯಾಕ್ಟರಿನ ಹುಡುಗರನ್ನು ನಾನು ದೂರುವುದಿಲ್ಲ. ಅವರು ತಮ್ಮ ಸೀಮೆಯ ಭಾಷೆಯಲ್ಲೇ ಹಾಡು ಕೇಳುತ್ತಿದ್ದಾರೆ, ಅದು ಸಣ್ಣ ಮಾತಲ್ಲ.

ನಾನು ಕೇಳಿಕೊಳ್ಳುವುದು ಸಂಗೀತ ಕಂಪನಿಗಳನ್ನು, ವಿಶ್ವವಿದ್ಯಾಲಯಗಳನ್ನು, ಕೈಯಲ್ಲಿ ಒಳ್ಳೆಯ ಮೈಕು ಇರುವ ಪ್ರತಿಯೊಬ್ಬರನ್ನು. ಒಂದು ‘ಸಂಗ್ಯಾ ಬಾಳ್ಯಾ’ವನ್ನು, ಬೈಲಹೊಂಗಲ ತಾಲ್ಲೂಕಿನ ಒಂದು ಗುಡಿಯ ಮುಂದೆ, ಗಣಪತಿಯ ಪದದಿಂದ ಮಂಗಳಾರತಿಯ ತನಕ ಕತ್ತರಿ ಹಾಕದೆ ಹಿಡಿಯಿರಿ. ನಡುವೆ ಅತ್ತ ಮಗು, ಬೊಗಳಿದ ನಾಯಿ, ಬಾಳ್ಯಾನಿಗೆ ಬಿದ್ದ ಬೈಗುಳ ಎಲ್ಲ ಇರಲಿ. ಹಾಡಿದವರ, ತಾಳ ಹಾಕಿದವರ, ಗಂಗಾಳ ಸೀರೆ ಉಟ್ಟ ಹುಡುಗನ ಹೆಸರನ್ನು ಮುಖಪುಟದ ಮೇಲೆ ದೊಡ್ಡಕ್ಷರದಲ್ಲಿ ಅಚ್ಚು ಹಾಕಿ, ಹುಟ್ಟಿದ ದುಡ್ಡಿನಲ್ಲಿ ಅವರ ಪಾಲನ್ನು ಅವರಿಗೆ ಕೊಡಿ. ಬರುವ ಡಿಸೆಂಬರಿನಲ್ಲಿ ಅಂಥದೊಂದು ಆಲ್ಬಮ್ ಹೊರಬಂದರೆ ನಮ್ಮ ಬಳಗದವರನ್ನೆಲ್ಲ ಮನೆಗೆ ಕರೆದು, ಸಂಜೆ ಊಟ ಹಾಕಿ, ಬೆಳಗಾಗುವವರೆಗೆ ಕೂರಿಸಿ ಕೇಳಿಸುತ್ತೇನೆ.